ಕೆಆರ್‌ಎಸ್ ಗೇಟಿನ ಹಿಂದಿನ ಲೆಕ್ಕ: ನೀರಿನ ಅಳತೆ ನೀರಿನ ತೀರ್ಮಾನವಾಗುವುದು ಹೇಗೆ?

ಜೂನ್ ಬಂತೆಂದರೆ ಪೇಪರಿನ ಒಂದು ಮೂಲೆಯಲ್ಲಿ ಪುಟ್ಟ ಪಟ್ಟಿಯೊಂದು ಕಾಣಿಸಿಕೊಳ್ಳುತ್ತದೆ. ಕೆಆರ್‌ಎಸ್, ಗರಿಷ್ಠ ಮಟ್ಟ 124.80 ಅಡಿ. ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಮಂಡ್ಯ ಸೀಮೆಯಲ್ಲಿ ಇದನ್ನು ನೋಡಿದ ಮೇಲೆಯೇ ಮುಖಪುಟಕ್ಕೆ ಬರುವವರಿದ್ದಾರೆ. ಬೆಂಗಳೂರಿನವರು ಸಾಮಾನ್ಯವಾಗಿ ಇದರ ಗೊಡವೆಗೆ ಹೋಗುವುದಿಲ್ಲ. ಆದರೆ 2023ರ ಸೆಪ್ಟೆಂಬರ್ ಕೊನೆಯಲ್ಲಿ ತಮಿಳುನಾಡಿಗೆ ಕಾವೇರಿ ನೀರು ಬಿಡುವುದನ್ನು ವಿರೋಧಿಸಿ ಒಂದೇ ವಾರದೊಳಗೆ ಬೆಂಗಳೂರು ಬಂದ್, ಕರ್ನಾಟಕ ಬಂದ್ ಎರಡೂ ನಡೆದವು. ಆಗ ಟೀ ಅಂಗಡಿಯಲ್ಲೂ ಇದೇ ಮಾತು. 5,000 ಕ್ಯೂಸೆಕ್ ಬಿಡಿ ಅಂದರೆ ಎಷ್ಟು ನೀರು? ಅದನ್ನು ಹೇಳಿದವರು ಯಾರು? ಯಾವ ಲೆಕ್ಕದ ಮೇಲೆ?

ಮಾಮೂಲಿ ವರ್ಷದಲ್ಲಿ ಈ ಪ್ರಶ್ನೆಗಳು ಯಾರಿಗೂ ಬೇಡ. ಮಳೆ ಕೈಕೊಟ್ಟ ವರ್ಷ ಎಲ್ಲರಿಗೂ ಬೇಕು. ತಲಕಾವೇರಿಯಲ್ಲಿ ಬಿದ್ದ ಮಳೆಗೂ ಕನ್ನಂಬಾಡಿಯಲ್ಲಿ ಮೇಲೇಳುವ ಗೇಟಿಗೂ ನಡುವೆ ಒಂದು ಉದ್ದ ಸರಪಳಿ ಇದೆ. ಅದರಲ್ಲಿ ಅಳತೆ ಇದೆ, ಲೆಕ್ಕ ಇದೆ, ಅಂದಾಜು ಇದೆ, ಕೊನೆಗೆ ತೀರ್ಮಾನ ಇದೆ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಅನ್ನೋದು ಗೊತ್ತಾದರೆ ಸುದ್ದಿಯ ಅರ್ಧ ಗೊಂದಲ ಕಳೆಯುತ್ತದೆ.

ಟಿಎಂಸಿ ಬೇರೆ, ಕ್ಯೂಸೆಕ್ ಬೇರೆ

ಮೊದಲು ಎರಡು ಅಳತೆ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. ಲೀಟರ್ ಲೆಕ್ಕದಲ್ಲಿ ಸುಮಾರು 2,832 ಕೋಟಿ. ಇದು ಸಂಗ್ರಹದ ಅಳತೆ, ಅಂದರೆ ಎಷ್ಟು ನೀರು ಇದೆ ಅನ್ನೋದು. ಕ್ಯೂಸೆಕ್ ಹರಿವಿನ ಅಳತೆ. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28.3 ಲೀಟರ್ ನೀರು ಹಾದುಹೋದರೆ ಅದು ಒಂದು ಕ್ಯೂಸೆಕ್.

ಇವೆರಡಕ್ಕೂ ಕೊಂಡಿ ಸಮಯ. 11,574 ಕ್ಯೂಸೆಕ್ ನೀರು 24 ಗಂಟೆ ಹರಿದರೆ ಒಂದು ಟಿಎಂಸಿ. ಹಾಗಾಗಿ ಎಷ್ಟು ದಿನ ಅಂತ ಹೇಳದೆ ಬರೀ ಕ್ಯೂಸೆಕ್ ಹೇಳಿದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. 5,000 ಕ್ಯೂಸೆಕ್ ನೀರನ್ನು 15 ದಿನ ಬಿಟ್ಟರೆ 6.48 ಟಿಎಂಸಿ ಆಗುತ್ತದೆ. ಇದು ಜಾಸ್ತಿಯೋ ಕಡಿಮೆಯೋ? ಬೆಂಗಳೂರನ್ನೇ ತೆಗೆದುಕೊಳ್ಳಿ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾದ ಮೇಲೆ ನಗರಕ್ಕೆ ನೀರು ಕೊಡುವ ವ್ಯವಸ್ಥೆಯ ಒಟ್ಟು ಸಾಮರ್ಥ್ಯ ದಿನಕ್ಕೆ ಸುಮಾರು 222 ಕೋಟಿ ಲೀಟರ್. ಆ ಲೆಕ್ಕದಲ್ಲಿ ಒಂದು ಟಿಎಂಸಿ ಬೆಂಗಳೂರಿಗೆ ಹೆಚ್ಚುಕಡಿಮೆ 13 ದಿನಕ್ಕೆ ಬರುತ್ತದೆ. 6.48 ಟಿಎಂಸಿ ಅಂದರೆ ಎರಡೂವರೆ ತಿಂಗಳಿಗೂ ಜಾಸ್ತಿ.

ಅದೇ 6.48 ಟಿಎಂಸಿ ಭತ್ತದ ಗದ್ದೆಗಳಿಗೆ ಹೋದರೆ ಬಲುಬೇಗ ಖರ್ಚಾಗುತ್ತದೆ. ಕಾವೇರಿ ನೀರಿನ ದೊಡ್ಡ ಪಾಲು ಹೋಗುವುದು ವ್ಯವಸಾಯಕ್ಕೆ, ನಲ್ಲಿಗಲ್ಲ. ಜಗಳದ ಮೂಲವೂ ಅಲ್ಲೇ ಇದೆ.

ಒಳಹರಿವನ್ನು ನೇರವಾಗಿ ಅಳೆಯುವುದಿಲ್ಲ

ಪಟ್ಟಿಯಲ್ಲಿ "ಒಳಹರಿವು 7,800 ಕ್ಯೂಸೆಕ್" ಅಂತ ಓದಿದಾಗ, ಹಿನ್ನೀರಿನ ಬಾಯಲ್ಲಿ ಯಾರೋ ಮೀಟರ್ ಇಟ್ಟಿದ್ದಾರೆ ಅಂತ ಅನಿಸುತ್ತದೆ ಅಲ್ವಾ? ಜಲಾಶಯಕ್ಕೆ ನೀರು ಒಂದೇ ಬಾಗಿಲಿನಿಂದ ಬರುವುದಿಲ್ಲ. ಕೆಆರ್‌ಎಸ್‌ಗೆ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಸೇರುತ್ತವೆ. ಸುತ್ತಲಿನ ಹಳ್ಳಕೊಳ್ಳಗಳ ನೀರೂ ಬರುತ್ತದೆ. ಸೀದಾ ಹಿನ್ನೀರಿನ ಮೇಲೆ ಬಿದ್ದ ಮಳೆಯೂ ಇದೆ. ಇಷ್ಟನ್ನೂ ಬೇರೆ ಬೇರೆಯಾಗಿ ಅಳೆಯುವುದು ಆಗದ ಮಾತು. ಆದ್ದರಿಂದ ಲೆಕ್ಕ ಹಿಂದುಮುಂದಾಗಿ ನಡೆಯುತ್ತದೆ.

ಉದಾಹರಣೆಗೆ, ನಿನ್ನೆ ಬೆಳಗ್ಗೆ ಜಲಾಶಯದಲ್ಲಿ 30 ಟಿಎಂಸಿ ಇತ್ತು, ಇವತ್ತು ಬೆಳಗ್ಗೆ 30.5 ಟಿಎಂಸಿ ಇದೆ ಅಂದುಕೊಳ್ಳಿ. ನಡುವೆ ನಾಲೆಗೂ ನದಿಗೂ ಸೇರಿ 2,000 ಕ್ಯೂಸೆಕ್ ಬಿಟ್ಟಿದ್ದಾರೆ. ಅರ್ಧ ಟಿಎಂಸಿ ಏರಲು ದಿನವಿಡೀ 5,787 ಕ್ಯೂಸೆಕ್ ಬೇಕು. ಅದಕ್ಕೆ ಹೊರಗೆ ಹೋದ 2,000 ಸೇರಿಸಿ. ಆವಿಯಾದದ್ದನ್ನೂ ಒಂಚೂರು ಸೇರಿಸಿ. ಸುಮಾರು 7,800 ಕ್ಯೂಸೆಕ್ ಬಂದಿರಲೇಬೇಕು, ಇಲ್ಲದಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ. ಆ "ಬಂದಿರಲೇಬೇಕು" ಅನ್ನುವ ಅಂಕಿಯೇ ಒಳಹರಿವು.

ಈ ಲೆಕ್ಕಕ್ಕೆ ಇನ್ನೊಂದು ಪಟ್ಟಿ ಬೇಕು. ಅಣೆಕಟ್ಟಿನಲ್ಲಿ ಓದುವುದು ಅಡಿ, ಬೇಕಾಗಿರುವುದು ಟಿಎಂಸಿ. ಯಾವ ಅಡಿಗೆ ಎಷ್ಟು ಟಿಎಂಸಿ ಅನ್ನುವ ಸಾಮರ್ಥ್ಯ ಪಟ್ಟಿ ಪ್ರತಿ ಜಲಾಶಯಕ್ಕೂ ಇರುತ್ತದೆ. ಜಲಾಶಯದ ಆಕಾರ ಬಾಣಲೆಯಂತೆ, ತಳದಲ್ಲಿ ಕಿರಿದು, ಬಾಯಲ್ಲಿ ಅಗಲ. ಹಾಗಾಗಿ ಎಲ್ಲ ಅಡಿಯೂ ಒಂದೇ ತೂಕದ್ದಲ್ಲ. ಕೆಆರ್‌ಎಸ್ ತುಂಬುವ ಹೊತ್ತಿನಲ್ಲಿ ಒಂದಡಿ ಏರಿಕೆ ಅಂದರೆ ಒಂದು ಟಿಎಂಸಿಗೂ ಜಾಸ್ತಿ. 90 ಅಡಿ ಆಸುಪಾಸಿನಲ್ಲಿ ಅದೇ ಒಂದಡಿಗೆ ಸುಮಾರು ಅದರ ಅರ್ಧ. "100 ಅಡಿ ದಾಟಿದ ಕೆಆರ್‌ಎಸ್" ಎಂಬ ಸುದ್ದಿ ಓದಿ ಇನ್ನೇನು ತುಂಬೇಬಿಟ್ಟಿತು ಅಂತ ಖುಷಿಪಡುವವರು ಇದನ್ನು ಗಮನಿಸಬೇಕು. 100 ಅಡಿಯಲ್ಲಿ ಅದರ 49.45 ಟಿಎಂಸಿ ಸಾಮರ್ಥ್ಯದ ಅರ್ಧವೂ ಇರುವುದಿಲ್ಲ.

ಇದರಲ್ಲೇ ಇನ್ನೊಂದು ಸೂಕ್ಷ್ಮ ಇದೆ. ಜಲಾಶಯ ತುಂಬಿರುವಾಗ ಜೋರು ಗಾಳಿ ಬೀಸಿ ಅಳತೆಪಟ್ಟಿಯ ಹತ್ತಿರ ನೀರು ಒಂದು ಇಂಚು ಏರಿಳಿದರೂ, ಒಳಹರಿವಿನ ಲೆಕ್ಕದಲ್ಲಿ ಸಾವಿರ ಕ್ಯೂಸೆಕ್‌ಗೂ ಮೀರಿ ವ್ಯತ್ಯಾಸ ಬರುತ್ತದೆ. ಒಂದು ದಿನ ಒಳಹರಿವು ದಿಢೀರನೆ ಏರಿ ಮರುದಿನ ಇಳಿದರೆ ಅದು ಯಾವಾಗಲೂ ಮಳೆಯ ಆಟ ಅಲ್ಲ. ಇಂಜಿನಿಯರ್‌ಗಳು ಒಂದು ದಿನದ ಅಂಕಿ ನೋಡಿ ಬೆಚ್ಚಿಬೀಳದೆ ಮೂರ್ನಾಲ್ಕು ದಿನದ ಸರಾಸರಿ ನೋಡುವುದು ಇದಕ್ಕೇ.

ಪಾತ್ರೆಯೇ ಚಿಕ್ಕದಾದರೆ?

ಸಾಮರ್ಥ್ಯ ಪಟ್ಟಿ ಶಾಶ್ವತ ಅಲ್ಲ. ನದಿ ನೀರಿನ ಜೊತೆ ಮಣ್ಣನ್ನೂ ತರುತ್ತದೆ. ಅದು ತಳದಲ್ಲಿ ಕೂರುತ್ತದೆ. ಇದಕ್ಕೆ ತುಂಗಭದ್ರಾ ಜಲಾಶಯಕ್ಕಿಂತ ಒಳ್ಳೆಯ ಉದಾಹರಣೆ ನಮ್ಮಲ್ಲಿಲ್ಲ. 1953ರಲ್ಲಿ ಮುಗಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. 2008ರ ಸಮೀಕ್ಷೆಯಲ್ಲಿ ಅದು ಸುಮಾರು 100.86 ಟಿಎಂಸಿ ಎಂದು ಬಂತು. 2016ರ ಸಮೀಕ್ಷೆ 105.79 ಅಂದಿತು.

ಎಂಟು ವರ್ಷದಲ್ಲಿ ಹೂಳು ತಾನಾಗೇ ಕಡಿಮೆಯಾಯಿತಾ? ಹಾಗೇನಿಲ್ಲ. ಅಳೆಯುವ ವಿಧಾನ, ಅಳತೆಯ ಬಿಂದುಗಳು ಬದಲಾದರೆ ಉತ್ತರವೂ ಸ್ವಲ್ಪ ಬದಲಾಗುತ್ತದೆ. ಆದರೆ ಆ ಐದು ಟಿಎಂಸಿ ವ್ಯತ್ಯಾಸ ಕಾಗದದ ಮೇಲೆ ಸಣ್ಣದಾಗಿ ಕಂಡರೂ ಹಂಚಿಕೆಗೆ ಕೂತಾಗ ಸಣ್ಣದಲ್ಲ. ತುಂಗಭದ್ರೆಯ ನೀರು ಕರ್ನಾಟಕ, ಆಂಧ್ರ, ತೆಲಂಗಾಣಕ್ಕೆ ಹೋಗುತ್ತದೆ. ಎಷ್ಟು ಹಿಡಿಯುತ್ತದೆ ಎಂಬ ಅಂಕಿ ಬದಲಾದರೆ ಪ್ರತಿಯೊಬ್ಬರಿಗೂ ಈ ಸಲ ಎಷ್ಟು ಅನ್ನುವುದೂ ಬದಲಾಗುತ್ತದೆ. ದೋಣಿಯಲ್ಲಿ ಕೂತು ಶಬ್ದದ ಅಲೆ ಬಿಟ್ಟು ತಳ ಅಳೆಯುವ ಕೆಲಸಕ್ಕೂ ಕೊಪ್ಪಳ, ರಾಯಚೂರಿನ ಗದ್ದೆಗೂ ಸಂಬಂಧ ಇರುವುದು ಹೀಗೆ.

ಬಿಳಿಗುಂಡ್ಲುವಿನಲ್ಲಿ ನದಿಯನ್ನು ಅಳೆಯುವ ಬಗೆ

ಕರ್ನಾಟಕ ತಮಿಳುನಾಡಿಗೆ ಎಷ್ಟು ನೀರು ಬಿಟ್ಟಿತು ಎಂದು ಎಣಿಸುವುದು ಕೆಆರ್‌ಎಸ್ ಗೇಟಿನಲ್ಲಿ ಅಲ್ಲ. ಗಡಿಯ ಬಿಳಿಗುಂಡ್ಲುವಿನಲ್ಲಿ. ಅಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಇದೆ. ಎರಡೂ ರಾಜ್ಯದವರಲ್ಲದ ಮೂರನೆಯವರು ಅಳೆಯುತ್ತಾರೆ ಅನ್ನೋದೇ ಅದರ ಬೆಲೆ.

ಹರಿಯುವ ನದಿಯನ್ನು ಅಳೆಯುವುದು ಹೇಗೆ? ನದಿಯ ಅಡ್ಡಕ್ಕೆ ಒಂದು ಗೆರೆ ಎಳೆದು ಅದನ್ನು ಹಲವು ಪಟ್ಟಿಗಳಾಗಿ ಭಾಗ ಮಾಡುತ್ತಾರೆ. ಪ್ರತಿ ಪಟ್ಟಿಯಲ್ಲಿ ಆಳ ಎಷ್ಟು ಅಂತ ನೋಡುತ್ತಾರೆ. ಆಮೇಲೆ ಕರೆಂಟ್ ಮೀಟರ್ ಎಂಬ ಉಪಕರಣವನ್ನು ನೀರೊಳಗೆ ಇಳಿಸುತ್ತಾರೆ. ಅದರ ಸಣ್ಣ ಬಟ್ಟಲುಗಳು ನೀರಿನ ರಭಸಕ್ಕೆ ತಿರುಗುತ್ತವೆ. ಎಷ್ಟು ಸುತ್ತು ಅನ್ನುವುದರಿಂದ ವೇಗ ಸಿಗುತ್ತದೆ. ಮೇಲ್ಮೈಯಲ್ಲಿ ನೀರು ಜೋರು, ತಳದಲ್ಲಿ ಕಲ್ಲುಮಣ್ಣಿಗೆ ತಾಗಿ ನಿಧಾನ. ಅದಕ್ಕೆ ಮೇಲಿನಿಂದ ಶೇ 60ರಷ್ಟು ಆಳದಲ್ಲಿ ಅಳೆಯುವುದು ರೂಢಿ. ಅಲ್ಲಿ ಸರಾಸರಿ ವೇಗ ಸಿಗುತ್ತದೆ. ಒಂದು ಪಟ್ಟಿ 10 ಅಡಿ ಅಗಲ, 6 ಅಡಿ ಆಳ, ವೇಗ ಸೆಕೆಂಡಿಗೆ 2 ಅಡಿ ಇದ್ದರೆ ಅಲ್ಲಿ 120 ಕ್ಯೂಸೆಕ್. ಎಲ್ಲ ಪಟ್ಟಿಗಳನ್ನೂ ಕೂಡಿದರೆ ಇಡೀ ನದಿಯ ಹರಿವು.

ಇದನ್ನು ಗಂಟೆಗೊಮ್ಮೆ ಮಾಡುವುದು ಕಷ್ಟ. ಹಾಗಾಗಿ ವರ್ಷಗಟ್ಟಲೆ ಅಳೆದು, ನೀರಿನ ಮಟ್ಟ ಇಷ್ಟಿದ್ದರೆ ಹರಿವು ಇಷ್ಟು ಅನ್ನುವ ಒಂದು ರೇಖೆ ಮಾಡಿಟ್ಟುಕೊಳ್ಳುತ್ತಾರೆ. ಆಮೇಲೆ ದಡದ ಅಳತೆಗಂಬ ಓದಿದರೆ ಸಾಕು. ದೊಡ್ಡ ಪ್ರವಾಹ ಬಂದು ನದಿಯ ತಳ ಬದಲಾದರೆ ಆ ರೇಖೆ ಹಳತಾಗುತ್ತದೆ, ಮತ್ತೆ ಅಳೆಯಬೇಕು.

ಬಿಳಿಗುಂಡ್ಲುವಿನ ಅಂಕಿಯೂ ಕೆಆರ್‌ಎಸ್‌ನ ಹೊರಹರಿವೂ ಒಂದೇ ಆಗಿರುವುದಿಲ್ಲ. ನಡುವೆ ಕಬಿನಿ, ಶಿಂಷಾ, ಅರ್ಕಾವತಿ ಬಂದು ಸೇರುತ್ತವೆ. ಅಣೆಕಟ್ಟಿನ ಕೆಳಗೆ ಬಿದ್ದ ಮಳೆಯೂ ಆ ಲೆಕ್ಕಕ್ಕೆ ಜಮೆ. ಬೆಂಗಳೂರಿನ ಒಂದು ಭಾಗದ ಚರಂಡಿ ನೀರು ವೃಷಭಾವತಿ, ಅರ್ಕಾವತಿಯ ಹಾದಿಯಲ್ಲಿ ಕಾವೇರಿ ಸೇರುತ್ತದೆ, ಅದೂ ಎಣಿಕೆಗೆ ಬರುತ್ತದೆ. ಮೀಟರ್‌ಗೆ ನೀರು ಅಂದರೆ ನೀರು, ಅಷ್ಟೇ. ಅದರ ಗುಣಮಟ್ಟ ಬೇರೆಯೇ ಕಥೆ.

ಮುಂದೆ ಎಷ್ಟು ಬರುತ್ತದೆ?

ಇಲ್ಲಿಯವರೆಗೆ ಹೇಳಿದ್ದು ಆಗಿಹೋದದ್ದರ ಲೆಕ್ಕ. ತೀರ್ಮಾನಕ್ಕೆ ಬೇಕಾಗಿರುವುದು ಆಗಲಿರುವುದು. ಇಲ್ಲಿ ಅಳತೆ ಮುಗಿದು ಸಂಭವದ ಮಾತು ಶುರುವಾಗುತ್ತದೆ.

2023ನ್ನೇ ನೋಡಿ. ಹವಾಮಾನ ಇಲಾಖೆ ಏಪ್ರಿಲ್‌ನಲ್ಲಿ, ದೇಶದ ಮುಂಗಾರು ದೀರ್ಘಕಾಲದ ಸರಾಸರಿಯ ಶೇ 96ರಷ್ಟು ಇರಬಹುದು ಎಂದಿತ್ತು. ಕೊನೆಗೆ ಬಿದ್ದದ್ದು ಶೇ 94ರಷ್ಟು. ದೇಶದ ಮಟ್ಟಿಗೆ ಅಂದಾಜು ಕೆಟ್ಟದಾಗಿರಲಿಲ್ಲ. ಆದರೆ ಆ ಆಗಸ್ಟ್, 1901ರಿಂದ ದಾಖಲೆ ಇಟ್ಟ ಮೇಲೆ ದೇಶ ಕಂಡ ಅತಿ ಒಣ ಆಗಸ್ಟ್. ಕರ್ನಾಟಕದಲ್ಲಿ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಕೆಆರ್‌ಎಸ್ ಆ ವರ್ಷ ತುಂಬಲೇ ಇಲ್ಲ. ದೇಶದ ಸರಾಸರಿ ಸರಿಯಿದ್ದರೆ ಕೊಡಗಿನ ಹೊಳೆಗೆ ನೀರು ಬರಬೇಕೆಂದೇನೂ ಇಲ್ಲ.

ಮೂರ್ನಾಲ್ಕು ದಿನದ ಮುನ್ಸೂಚನೆ ಇದಕ್ಕಿಂತ ಎಷ್ಟೋ ನಂಬಿಕಸ್ಥ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, 15 ನಿಮಿಷಕ್ಕೊಮ್ಮೆ ಮಾಹಿತಿ ಕಳಿಸುತ್ತವೆ. ಭಾಗಮಂಡಲದಲ್ಲಿ ಇವತ್ತು ಎಷ್ಟು ಸುರಿಯಿತು ಅನ್ನೋದು ಸಂಜೆಯೊಳಗೆ ಗೊತ್ತಾಗುತ್ತದೆ.

ಹಾಗಂತ ಸುರಿದದ್ದೆಲ್ಲ ಹರಿದು ಬರುವುದಿಲ್ಲ. ಜೂನ್ ಮೊದಲ ವಾರ ಬೇಸಿಗೆಯಲ್ಲಿ ಒಣಗಿದ ನೆಲ ಮಳೆಯನ್ನು ಹೀರಿಕೊಂಡುಬಿಡುತ್ತದೆ. ಕೆರೆ, ಗದ್ದೆ, ಮಣ್ಣು ಎಲ್ಲದರ ದಾಹ ತೀರಬೇಕು. ಅದೇ ಮಳೆ ಆಗಸ್ಟ್‌ನಲ್ಲಿ, ನೆಲ ನೆನೆದು ತೊಪ್ಪೆಯಾಗಿರುವಾಗ ಬಿದ್ದರೆ ಬಹುಪಾಲು ಹೊಳೆಗೆ ಇಳಿಯುತ್ತದೆ. ಆದ್ದರಿಂದ ಜಲವಿಜ್ಞಾನಿಗಳು ಮಳೆ ಎಷ್ಟು ಅಂತ ಕೇಳುವುದರ ಜೊತೆಗೆ ನೆಲ ಎಷ್ಟು ನೆಂದಿದೆ ಎಂದೂ ಕೇಳುತ್ತಾರೆ. ಕಂಪ್ಯೂಟರ್ ಮಾದರಿಗಳು ಮಾಡುವುದೂ ಇದನ್ನೇ. ಮಳೆ, ಇಳಿಜಾರು, ಮಣ್ಣು, ಕಾಡು ಇವನ್ನೆಲ್ಲ ಸೇರಿಸಿ ಇಷ್ಟು ಗಂಟೆಯಲ್ಲಿ ಇಷ್ಟು ನೀರು ಬರಬಹುದು ಎಂದು ಹೇಳುತ್ತವೆ. "ಬರಬಹುದು" ಎಂಬ ಪದವನ್ನು ಮಾತ್ರ ಬಿಡುವ ಹಾಗಿಲ್ಲ. ಸಭೆಯಿಂದ ಸಭೆಗೆ, ಅಲ್ಲಿಂದ ಟಿವಿಗೆ ಹೋಗುವಷ್ಟರಲ್ಲಿ ಅದು "ಬರುತ್ತದೆ" ಆಗಿರುತ್ತದೆ. ನನ್ನ ಪ್ರಕಾರ ವಿಜ್ಞಾನಕ್ಕೂ ಆಡಳಿತಕ್ಕೂ ನಡುವೆ ದಾರಿ ತಪ್ಪುವುದು ಹೆಚ್ಚಾಗಿ ಇಲ್ಲೇ.

740 ಅನ್ನುವ ಅಂಕಿ ಬಂದದ್ದು ಎಲ್ಲಿಂದ?

ಕಾವೇರಿ ನ್ಯಾಯಮಂಡಳಿ 1990ರಲ್ಲಿ ರಚನೆಯಾಗಿ 2007ರ ಫೆಬ್ರುವರಿಯಲ್ಲಿ ಅಂತಿಮ ತೀರ್ಪು ಕೊಟ್ಟಿತು. ಇಡೀ ಕಣಿವೆಯಲ್ಲಿ ಹಂಚಲು ಸಿಗುವ ನೀರು 740 ಟಿಎಂಸಿ ಎಂದು ಅದು ಲೆಕ್ಕ ಹಿಡಿಯಿತು. ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7. ಪರಿಸರಕ್ಕೆ 10, ಹೇಗೂ ಸಮುದ್ರ ಸೇರುವುದೆಂದು 4.

ಈ 740ರ ಪಕ್ಕ ಒಂದು ಷರತ್ತು ಇದೆ, ಅದನ್ನು ಯಾರೂ ಓದುವುದಿಲ್ಲ. ಅದು "ಶೇ 50 ಭರವಸೆ"ಯ ನೀರು. ಹಿಂದಿನ ಹಲವು ವರ್ಷಗಳ ಹರಿವನ್ನು ಹೆಚ್ಚಿನಿಂದ ಕಡಿಮೆಗೆ ಜೋಡಿಸಿ, ಸರಿಯಾಗಿ ನಡುವಿನದನ್ನು ತೆಗೆದುಕೊಂಡರೆ ಸಿಗುವ ಅಂಕಿ ಇದು. ಅಂದರೆ ಅರ್ಧದಷ್ಟು ವರ್ಷಗಳಲ್ಲಿ ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ಬರುತ್ತದೆ, ಉಳಿದ ಅರ್ಧದಲ್ಲಿ ಇಷ್ಟು ಬರುವುದಿಲ್ಲ. 740 ಬಾರದ ವರ್ಷ ಅಪರೂಪ ಏನಲ್ಲ. ಲೆಕ್ಕದಲ್ಲೇ ಅದಕ್ಕೆ ಜಾಗ ಇದೆ.

ಶೇ 75 ಭರವಸೆಯ ಅಂಕಿ ತೆಗೆದುಕೊಂಡಿದ್ದರೆ ಹಂಚುವ ನೀರು ಕಡಿಮೆ ಇರುತ್ತಿತ್ತು, ಆದರೆ ನಾಲ್ಕರಲ್ಲಿ ಮೂರು ವರ್ಷ ಅಷ್ಟು ಸಿಗುತ್ತಿತ್ತು. ಒಳ್ಳೆಯ ಮಳೆಯ ವರ್ಷದಲ್ಲಿ ಹೆಚ್ಚುವರಿ ನೀರು ಯಾರ ಪಾಲಿನ ಲೆಕ್ಕಕ್ಕೂ ಸೇರುತ್ತಿರಲಿಲ್ಲ. ಎರಡನ್ನೂ ವಿಜ್ಞಾನ ಲೆಕ್ಕ ಹಾಕಿಕೊಡುತ್ತದೆ. ಯಾವುದನ್ನು ಆರಿಸಬೇಕು ಅಂತ ಹೇಳುವುದಿಲ್ಲ. ಜಾಸ್ತಿ ನೀರು ಹಂಚಿ ಜಾಸ್ತಿ ಸಲ ಸಂಕಷ್ಟ ಪಡಬೇಕೋ, ಕಡಿಮೆ ಹಂಚಿ ನೆಮ್ಮದಿಯಿಂದ ಇರಬೇಕೋ ಅನ್ನುವುದು ಆಯ್ಕೆಯ ಪ್ರಶ್ನೆ.

2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಈ ಹಂಚಿಕೆಯನ್ನು ಸ್ವಲ್ಪ ಬದಲಿಸಿತು. ಕರ್ನಾಟಕದ ಪಾಲಿಗೆ 14.75 ಟಿಎಂಸಿ ಸೇರಿತು. ಅದರಲ್ಲಿ 10 ಟಿಎಂಸಿ ಬಂದದ್ದು ತಮಿಳುನಾಡಿನ ಅಂತರ್ಜಲದ ಲೆಕ್ಕದಿಂದ. ಅಲ್ಲಿ ನೆಲದಡಿ ನೀರು ಸಿಗುತ್ತದೆ, ಅದನ್ನೂ ಗಣನೆಗೆ ತೆಗೆದುಕೊಳ್ಳಬೇಕು ಎಂದಿತು ಕೋರ್ಟ್. ಉಳಿದ 4.75 ಬೆಂಗಳೂರಿನ ಕುಡಿಯುವ ನೀರಿಗೆ. ನಗರದ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಎಂಬ ಕಾರಣಕ್ಕೆ ನ್ಯಾಯಮಂಡಳಿ ಕುಡಿಯುವ ನೀರನ್ನು ಕಡಿಮೆ ಲೆಕ್ಕ ಹಾಕಿತ್ತು. ಕೋರ್ಟ್ ಅದನ್ನು ಒಪ್ಪಲಿಲ್ಲ. ಭೂವಿಜ್ಞಾನದ ಒಂದು ಅಂದಾಜು, ನಕ್ಷೆಯ ಮೇಲಿನ ಒಂದು ಗೆರೆ, ಇವೆರಡೂ ಹೀಗೆ ಟಿಎಂಸಿಯಾಗಿ ಬದಲಾದವು.

ಕೊರತೆಯ ವರ್ಷದಲ್ಲಿ ಏನಾಗುತ್ತದೆ?

ಈಗ ಕರ್ನಾಟಕ ಸಾಮಾನ್ಯ ವರ್ಷದಲ್ಲಿ ಬಿಳಿಗುಂಡ್ಲುವಿನಲ್ಲಿ 177.25 ಟಿಎಂಸಿ ಹರಿಸಬೇಕು. ಲೆಕ್ಕದ ವರ್ಷ ಜೂನ್‌ನಿಂದ ಮೇವರೆಗೆ. ತಿಂಗಳ ಪಟ್ಟಿಯೂ ಇದೆ. ಜೂನ್‌ಗೆ 9.19, ಜುಲೈಗೆ 31.24, ಆಗಸ್ಟ್‌ಗೆ 45.95, ಸೆಪ್ಟೆಂಬರ್‌ಗೆ 36.76. ಹೀಗೆ ಮೊದಲ ನಾಲ್ಕೇ ತಿಂಗಳಿಗೆ 123.14 ಟಿಎಂಸಿ.

ಮಳೆ ಕಡಿಮೆಯಾದರೆ? ತೀರ್ಪಿನ ಮಾತು, ಕೊರತೆಯನ್ನು ಪಾಲಿಗೆ ತಕ್ಕಂತೆ ಎಲ್ಲರೂ ಹಂಚಿಕೊಳ್ಳಬೇಕು. ಕೇಳಲು ಸರಳ. ಆದರೆ ಕೊರತೆಯನ್ನು ಅಳೆಯುವುದು ಯಾವುದಕ್ಕೆ ಹೋಲಿಸಿ?

ಇದನ್ನು ನೋಡಿಕೊಳ್ಳಲು 2018ರಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ, ಅದರ ಕೈಕೆಳಗೆ ನೀರು ನಿಯಂತ್ರಣ ಸಮಿತಿ ಬಂದವು. ಸಮಿತಿಯಲ್ಲಿ ನಾಲ್ಕೂ ಕಡೆಯ ಇಂಜಿನಿಯರ್‌ಗಳ ಜೊತೆ ಹವಾಮಾನ ಇಲಾಖೆ, ಕೇಂದ್ರ ಜಲ ಆಯೋಗದವರೂ ಕೂರುತ್ತಾರೆ. ಅಂದರೆ ಅಳೆಯುವವರು, ಮುನ್ಸೂಚನೆ ಕೊಡುವವರು, ಬಿಡುವವರು, ಪಡೆಯುವವರು ಒಂದೇ ಮೇಜಿನ ಸುತ್ತ.

2023ರ ಸೆಪ್ಟೆಂಬರ್ ಕೊನೆಯಲ್ಲಿ ಸಮಿತಿ ಹಾರಂಗಿ, ಹೇಮಾವತಿ, ಕೆಆರ್‌ಎಸ್, ಕಬಿನಿ ಈ ನಾಲ್ಕು ಜಲಾಶಯಗಳ ಒಳಹರಿವನ್ನು 30 ವರ್ಷದ ಸರಾಸರಿಗೆ ಹೋಲಿಸಿತು. ಕೊರತೆ ಶೇ 53ರಷ್ಟು. ಸುಮ್ನೆ ಅನುಪಾತ ಹಾಕಿದರೆ ಆ ನಾಲ್ಕು ತಿಂಗಳ 123.14ರಲ್ಲಿ ಶೇ 47, ಅಂದರೆ ಸುಮಾರು 58 ಟಿಎಂಸಿ ಹರಿಯಬೇಕಿತ್ತು. ಲೆಕ್ಕಕ್ಕೆ ಒಂದು ನಿಮಿಷ ಸಾಕು. ವಾದ ಮಾತ್ರ ತಿಂಗಳುಗಟ್ಟಲೆ. ತಮಿಳುನಾಡಿನ ಮೆಟ್ಟೂರು ಜಲಾಶಯದಲ್ಲಿ ಆಗಲೇ ಇರುವ ನೀರನ್ನು ಲೆಕ್ಕಕ್ಕೆ ಹಿಡಿಯಬೇಕಾ? ಬೆಂಗಳೂರು, ಮೈಸೂರಿನ ಕುಡಿಯುವ ನೀರನ್ನು ಮೊದಲು ಬದಿಗಿಟ್ಟು ಉಳಿದದ್ದರ ಮೇಲೆ ಅನುಪಾತ ಹಾಕಬೇಕಾ? ತಂಜಾವೂರಿನ ಕಡೆ ನಿಂತಿರುವ ಕುರುವೈ (ಅಲ್ಪಾವಧಿ ಭತ್ತ) ಬೆಳೆಗೂ ಮಂಡ್ಯದ ಕಬ್ಬು, ಭತ್ತಕ್ಕೂ ಯಾವುದು ಮೊದಲು? ಅಕ್ಟೋಬರ್ ನಂತರ ತಮಿಳುನಾಡಿಗೆ ಈಶಾನ್ಯ ಮುಂಗಾರು ಬರುತ್ತದೆ, ಹಳೆ ಮೈಸೂರಿನ ಕಡೆಗೆ ಅದರ ಪಾಲು ಅಷ್ಟಿಲ್ಲ. ಅದನ್ನು ಈಗಲೇ ಲೆಕ್ಕಕ್ಕೆ ಹಿಡಿಯಬಹುದಾ?

ಈ ಪ್ರಶ್ನೆಗಳಲ್ಲಿ ಕೆಲವಕ್ಕೆ ವಿಜ್ಞಾನ ಸಹಾಯ ಮಾಡುತ್ತದೆ. ಈಶಾನ್ಯ ಮುಂಗಾರು ಎಷ್ಟರ ಮಟ್ಟಿಗೆ ನಂಬಬಹುದು, ಬೆಳೆಗೆ ಯಾವ ವಾರ ಎಷ್ಟು ನೀರು ಬೇಕು, ಇವಕ್ಕೆ ಉತ್ತರ ಇದೆ. ಯಾರ ಬೆಳೆ ಮೊದಲು ಅನ್ನೋದಕ್ಕೆ ಯಾವ ಮೀಟರಿನಲ್ಲೂ ಉತ್ತರ ಇಲ್ಲ. ಅದನ್ನು ಮನುಷ್ಯರೇ ಕೂತು ಮಾಡಬೇಕು. ಆ ವರ್ಷ ಆದೇಶಗಳು ಆಗಸ್ಟ್ 29ರಿಂದ 5,000 ಕ್ಯೂಸೆಕ್, ಸೆಪ್ಟೆಂಬರ್ 13ರಿಂದ ಮತ್ತೆ ಅಷ್ಟೇ, ಸೆಪ್ಟೆಂಬರ್ 28ರಿಂದ 3,000 ಎಂದು ಎರಡೆರಡು ವಾರಕ್ಕೆ ಬಂದವು. ಇದನ್ನು ಹಗ್ಗಜಗ್ಗಾಟ ಅಂತ ನೋಡಿದವರೇ ಜಾಸ್ತಿ. ಆದರೆ ಮಳೆಯ ಮುನ್ಸೂಚನೆ ಕೆಲವು ದಿನಕ್ಕಷ್ಟೇ ನಂಬಿಕಸ್ಥವಾಗಿರುವಾಗ, ಮೂರು ತಿಂಗಳಿಗೆ ಒಟ್ಟಿಗೇ ಆದೇಶ ಬರೆದಿಟ್ಟರೆ ನಡುವೆ ಮಳೆ ಬಂದರೂ ಬಾರದಿದ್ದರೂ ಅದು ತಪ್ಪಾಗುತ್ತದೆ.

ನೀರು ಜಾಸ್ತಿಯಾದಾಗಲೂ ಇದೇ ಫಜೀತಿ

ಕೊರತೆಯಷ್ಟೇ ಕಷ್ಟ ತುಂಬುವುದೂ ಕೊಡುತ್ತದೆ. ಜಲಾಶಯ ಬೇಗ ತುಂಬಿಸಿದರೆ ರೈತರು ಖುಷಿ, ಬಾಗಿನಕ್ಕೆ ದಿನ ಗೊತ್ತು ಮಾಡಬಹುದು. 2025ರಲ್ಲಿ ಕೆಆರ್‌ಎಸ್ ಜೂನ್ ತಿಂಗಳಲ್ಲೇ ತುಂಬಿ, 30ರಂದು ಬಾಗಿನವೂ ಆಯಿತು. ಆದರೆ ಕಂಠಮಟ್ಟ ತುಂಬಿದ ಜಲಾಶಯಕ್ಕೆ ಪ್ರವಾಹ ಬಂದರೆ ಹಿಡಿದಿಡಲು ಜಾಗ ಇರುವುದಿಲ್ಲ. ಬಂದದ್ದನ್ನು ಬಂದ ಹಾಗೇ ಕೆಳಗೆ ಬಿಡಬೇಕು. ಆಗ ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತದೆ, ಶ್ರೀರಂಗಪಟ್ಟಣದ ಸ್ನಾನಘಟ್ಟ ಮುಳುಗುತ್ತದೆ. ವಯನಾಡಿನ ಮಳೆ ನಂಬಿರುವ ಕಬಿನಿಯಲ್ಲಿ ಇದು ಇನ್ನೂ ಚುರುಕು. ಅದರ ಸಾಮರ್ಥ್ಯ 19.52 ಟಿಎಂಸಿ ಮಾತ್ರ. ಅಲ್ಲಿ ಗೇಟು ಎತ್ತಿದರೆ ನಂಜನಗೂಡಿನಲ್ಲಿ ನದಿ ದಂಡೆಯ ಜನ ಸಾಮಾನು ಕಟ್ಟಬೇಕು.

ಇದಕ್ಕೆ ವಿಜ್ಞಾನ ಕೊಡುವ ಉಪಾಯಕ್ಕೆ ರೂಲ್ ಕರ್ವ್ ಅನ್ನುತ್ತಾರೆ. ಯಾವ ತಾರೀಖಿಗೆ ನೀರು ಯಾವ ಮಟ್ಟ ಮೀರಬಾರದು ಅನ್ನುವ ಗೆರೆ ಅದು. ಜುಲೈನಲ್ಲಿ ಒಂದಿಷ್ಟು ಜಾಗ ಖಾಲಿ ಇಡು, ಮಳೆಗಾಲ ಮುಗಿಯುತ್ತಾ ಬಂದ ಹಾಗೆ ತುಂಬಿಸು ಅನ್ನುತ್ತದೆ. ಗೆರೆ ಎಳೆಯುವುದು ಸುಲಭ, ಅದರಂತೆ ನಡೆಯುವುದು ಕಷ್ಟ. ಜುಲೈನಲ್ಲಿ ಜಾಗ ಮಾಡಲು ನೀರು ಬಿಟ್ಟು, ಆಮೇಲೆ ಆಗಸ್ಟ್ ಕೈಕೊಟ್ಟರೆ ಆ ಇಂಜಿನಿಯರ್ ಕಥೆ ಏನು? 2023ರ ಜುಲೈನಲ್ಲಿ ದೇಶದಲ್ಲಿ ವಾಡಿಕೆಗಿಂತ ಹೆಚ್ಚೇ ಮಳೆಯಾಗಿತ್ತು ಅನ್ನುವುದನ್ನು ಇಲ್ಲಿ ನೆನೆಯಬೇಕು. ನೀರು ಪೋಲು ಮಾಡಿದ ಅನ್ನುವ ಬೈಗುಳ ಅವನಿಗೆ ಮಾರನೇ ದಿನವೇ ಬರುತ್ತದೆ. ತಪ್ಪಿಸಿದ ಪ್ರವಾಹಕ್ಕೆ ಶಹಬ್ಬಾಸ್ ಅನ್ನುವವರು ಯಾರೂ ಇಲ್ಲ, ಯಾಕೆಂದರೆ ಬಾರದ ಪ್ರವಾಹ ಕಣ್ಣಿಗೆ ಕಾಣುವುದಿಲ್ಲ.

ಕೆಲವೊಮ್ಮೆ ಲೆಕ್ಕವನ್ನೆಲ್ಲ ಒಂದು ಸರಪಳಿ ತಲೆಕೆಳಗು ಮಾಡುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಜಲಾಶಯ ಆಗ ಹತ್ತಿರ ಹತ್ತಿರ ತುಂಬಿತ್ತು. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಇಳಿಸಿ ನೀರು ನಿಲ್ಲಿಸಿದರು. ಆದರೂ ಮರುವರ್ಷ, ಗೇಟುಗಳ ಸ್ಥಿತಿ ನೋಡಿದ ತಜ್ಞರ ಮಾತಿನಂತೆ, ಸಂಗ್ರಹವನ್ನು 80 ಟಿಎಂಸಿ ಆಸುಪಾಸಿಗೆ ಮಿತಿಗೊಳಿಸಬೇಕಾಯಿತು. ಮಳೆ ಇತ್ತು, ಜಾಗ ಇತ್ತು, ಹಿಡಿಯುವ ಧೈರ್ಯ ಇರಲಿಲ್ಲ.

ನಾಟಿ ಮಾಡಬೇಕಾ, ಬೇಡವಾ?

ಇಷ್ಟೆಲ್ಲ ಲೆಕ್ಕ ಕೊನೆಗೆ ಇಳಿಯುವುದು ನಾಲೆಗೆ. ಪ್ರತಿ ಯೋಜನೆಗೂ ನೀರಾವರಿ ಸಲಹಾ ಸಮಿತಿ ಇದೆ. ಐಸಿಸಿ ಸಭೆ ಅಂತ ಜನ ಕರೆಯುವುದು ಇದನ್ನೇ. ಸಚಿವರು, ಶಾಸಕರು, ಇಂಜಿನಿಯರ್‌ಗಳು, ಕೃಷಿ ಇಲಾಖೆಯವರು, ರೈತರು ಇರುತ್ತಾರೆ. ನಾಲೆಗೆ ಯಾವತ್ತಿನಿಂದ ನೀರು, ಎಷ್ಟು ದಿನ, ಯಾವ ಬೆಳೆಗೆ ಅನ್ನೋದು ಇಲ್ಲಿ ತೀರ್ಮಾನ ಆಗುತ್ತದೆ.

ಭತ್ತ ನಾಲ್ಕು ತಿಂಗಳಿಗೂ ಮೇಲಿನ ಬೆಳೆ. ಒಟ್ಲು ಹಾಕುವ ಹೊತ್ತಿಗೆ ಜುಲೈ. ಆಗ ಜಲಾಶಯದಲ್ಲಿ ಇರುವ ನೀರು ಗೊತ್ತು, ನವೆಂಬರ್‌ವರೆಗೆ ಬರುವ ನೀರು ಗೊತ್ತಿಲ್ಲ. ಇಂಜಿನಿಯರ್ ಮೂರು ಲೆಕ್ಕ ತರುತ್ತಾನೆ. ಒಳ್ಳೆಯ ವರ್ಷದಂತೆ ಬಂದರೆ ಎಷ್ಟು, ನಡುವಿನ ವರ್ಷದಂತೆ ಬಂದರೆ ಎಷ್ಟು, ಬರದ ವರ್ಷದಂತೆ ಬಂದರೆ ಎಷ್ಟು. ಕುಡಿಯುವ ನೀರು, ಆವಿ, ಬಿಳಿಗುಂಡ್ಲುವಿನ ಪಾಲು ಕಳೆದು ಉಳಿದದ್ದನ್ನು ಎಕರೆಗೆ ಹಂಚಿ ತೋರಿಸುತ್ತಾನೆ.

ಎರಡು ಬಗೆಯಲ್ಲಿ ತಪ್ಪಬಹುದು. ನೀರು ಬರುತ್ತದೆ ಅಂತ ನಾಟಿ ಮಾಡಿಸಿ ಬಾರದಿದ್ದರೆ ಬೀಜ, ಗೊಬ್ಬರ, ಕೂಲಿ, ಸಾಲ ಎಲ್ಲ ಗದ್ದೆಯಲ್ಲೇ ಒಣಗುತ್ತದೆ. ಬರುವುದಿಲ್ಲ ಅಂತ ಬೇಡ ಅಂದು ಆಮೇಲೆ ಜಲಾಶಯ ತುಂಬಿದರೆ ಒಂದು ಬೆಳೆ ಕೈತಪ್ಪುತ್ತದೆ, ಆದರೆ ಹಾಕಿದ ಬಂಡವಾಳ ಹೋಗುವುದಿಲ್ಲ. ಎರಡೂ ನಷ್ಟವೇ, ಒಂದೇ ಅಳತೆಯ ನಷ್ಟ ಅಲ್ಲ. ಅದಕ್ಕೇ ಅನುಮಾನದ ವರ್ಷದಲ್ಲಿ ಸಮಿತಿ ನಡುದಾರಿ ಹಿಡಿಯುತ್ತದೆ. ರಾಗಿಯಂಥ ಅರೆ ಖುಷ್ಕಿ ಬೆಳೆ ಹಾಕಿ ಅನ್ನುತ್ತದೆ. ಇಲ್ಲವೇ ಕಟ್ಟು ಪದ್ಧತಿಯಲ್ಲಿ, ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸಿ, ನಿಂತ ಬೆಳೆಯನ್ನಷ್ಟೇ ಉಳಿಸಲು ನೋಡುತ್ತದೆ.

ಕಟ್ಟು ಪದ್ಧತಿಯ ಲೆಕ್ಕ ಕಾಗದದ ಮೇಲೆ ಚೆನ್ನಾಗಿಯೇ ಇರುತ್ತದೆ. ನಾಲೆಯ ಮೇಲ್ಭಾಗದವರು ಸರದಿ ಮುಗಿದ ಮೇಲೂ ತೂಬು ಮುಚ್ಚದಿದ್ದರೆ, ಪಂಪ್ ಇಟ್ಟು ಎತ್ತಿದರೆ, ಕೊನೆ ಭಾಗಕ್ಕೆ ನೀರು ಮುಟ್ಟುವ ಹೊತ್ತಿಗೆ ನಿಲ್ಲಿಸುವ ದಿನ ಬಂದಿರುತ್ತದೆ. ಅಣೆಕಟ್ಟಿನಲ್ಲಿ ಪ್ರತಿ ಇಂಚಿಗೂ ದಾಖಲೆ ಇದೆ. ನಾಲೆಯ ಕೊನೆಯ ತೂಬಿನಲ್ಲಿ ಎಷ್ಟು ಹರಿಯಿತು ಅನ್ನುವುದಕ್ಕೆ ಬಹಳಷ್ಟು ಕಡೆ ನೀರುಗಂಟಿಯ ಕಣ್ಣಳತೆಯೇ ಲೆಕ್ಕ. ಕೆಲವು ನಾಲೆಗಳಲ್ಲಿ ದೂರದಿಂದಲೇ ತೆರೆದು ಮುಚ್ಚುವ, ಹರಿವು ಅಳೆಯುವ ಗೇಟುಗಳು ಬಂದಿವೆ. ಕೃಷ್ಣಾ ಕಣಿವೆಯ ನಾರಾಯಣಪುರ ಎಡದಂಡೆ ನಾಲೆಯಲ್ಲಿ ಅಂಥ ಸಾವಿರಾರು ಗೇಟುಗಳಿವೆ. ಉಳಿದ ಕಡೆ ಕೊನೆ ಭಾಗದ ರೈತರು ಐಸಿಸಿ ಸಭೆಗೆ ಬರುವುದು ಅಂಕಿ ಹಿಡಿದಲ್ಲ, ಒಣಗಿದ ಪೈರಿನ ಕಂತೆ ಹಿಡಿದು.